ಹಳೇ ಪೈಲವಾನರಿಗೆ ಮತ್ತೆ ಲಂಗೋಟ ಕಟ್ಟಿಸುವವರು ಯಾರು?

ಜಾತ್ರೆಯ ಕಾಲ ಬಂತೆಂದರೆ ದೂಧಗಂಗೆಯ ಎರಡೂ ದಂಡೆಯ ಊರುಗಳಲ್ಲಿ ಚಹದಂಗಡಿಯ ಕಂಬಕ್ಕೆ, ಕ್ಷೌರದಂಗಡಿಯ ಬಾಗಿಲಿಗೆ ಕುಸ್ತಿಯ ಹಾಂಡಬಿಲ್ಲುಗಳು ಅಂಟಿಕೊಳ್ಳುತ್ತವೆ. ‘ಜಂಗೀ ನಿಕಾಲಿ ಕುಸ್ತಿಗಳು’ ಎಂದು ಮೇಲೆ ದಪ್ಪಕ್ಷರ. ಕೆಳಗೆ ಜೋಡಿಗಳ ಹೆಸರು, ಇನಾಮಿನ ಅಂಕಿ, ಫೇಟೆ ಸುತ್ತಿಕೊಂಡ ಪುಢಾರಿಗಳ ಫೋಟೋ. ಪೈಲವಾನನ ಫೋಟೋಕ್ಕಿಂತ ಪುಢಾರಿಯ ಫೋಟೋ ದೊಡ್ಡದಿರುವದು ಈಗಿನ ರೂಢಿ, ಅದಿರಲಿ. ಈ ಕಾಗದಗಳಲ್ಲಿ ಒಮ್ಮೊಮ್ಮೆ ಒಂದು ಹಳೆಯ ಹೆಸರು ಕಾಣಿಸಿಕೊಳ್ಳುತ್ತದೆ. ಎಂದೋ ಲಂಗೋಟ ಬಿಚ್ಚಿಟ್ಟು ಹೊಲಕ್ಕೋ, ಮಗ್ಗಕ್ಕೋ, ಕಾರಖಾನೆಯ ಬಾಗಿಲು ಕಾಯುವದಕ್ಕೋ ಹೋದ ಪೈಲವಾನನ ಹೆಸರು ಅದು. ‘ಜನರ ಒತ್ತಾಯದ ಮೇರೆಗೆ ಮತ್ತೊಮ್ಮೆ ಕಣಕ್ಕೆ’ ಎಂದು ಬರೆದಿರುತ್ತಾರೆ.

ಯಾವ ಜನರು ಒತ್ತಾಯ ಮಾಡಿದರು? ನಾವಂತೂ ಮಾಡಲಿಲ್ಲ. ನಮ್ಮ ಓಣಿಯವರು ಯಾರೂ ಮಾಡಲಿಲ್ಲ. ಆತನ ಮನೆಯವರು ಮಾಡಿರಲಿಕ್ಕಿಲ್ಲ. ಹಾಗಾದರೆ ಈ ಒತ್ತಾಯ ಹುಟ್ಟಿದ್ದೆಲ್ಲಿ? ಇದನ್ನು ವಿಚಾರಿಸುವ ಸಲುವಾಗಿಯೇ ಈ ಲೇಖನ.

ಆಟ ಬಿಟ್ಟವನು ದುಡ್ಡಿನ ಆಟಕ್ಕೆ ಮರಳಬಹುದೇ ಎಂಬ ಪ್ರಶ್ನೆ ಬಂದಾಗ ನಮ್ಮ ಕಟ್ಟೆಗಳ ಮೇಲೆ ಎರಡೇ ಮಾತು ಕೇಳಿಬರುತ್ತವೆ. ಒಂದು ಮಾನದ ಮಾತು: ಗೆದ್ದವನು ಗೆದ್ದಾಗಲೇ ಇಳಿಯಬೇಕು, ಮುದಿತನದಲ್ಲಿ ಮಣ್ಣಿಗೆ ಬಂದು ಹುಡುಗರ ಕೈಯಲ್ಲಿ ಚಿತ್ತಾಗುವದು ಗರಡಿಗೆ ಅಪಮಾನ, ಎಂಬುದು. ಇನ್ನೊಂದು ಮೋಜಿನ ಮಾತು: ಬರಲಿ ಬಿಡ್ರಿ, ನಾವೂ ಒಮ್ಮೆ ನೋಡೋಣ, ಎಂಬುದು. ಮಾನದ ಮಾತನಾಡುವವರು ಆತನ ಮನೆಯ ಒಲೆ ಹೇಗೆ ಉರಿಯುತ್ತದೆಂದು ಕೇಳುವದಿಲ್ಲ. ಮೋಜಿನ ಮಾತನಾಡುವವರು ಆತನ ಮೊಣಕಾಲು ಹೇಗಿದೆಯೆಂದು ಕೇಳುವದಿಲ್ಲ. ನಾವು ಇವೆರಡನ್ನೂ ಒಪ್ಪುವದಿಲ್ಲ.

ಏಕಸಂಬಿಯಲ್ಲಿ ನಿಂತು ಈ ಮಾತು ಎತ್ತುವದಕ್ಕೆ ಒಂದು ಹಕ್ಕಿದೆ. 1959ರಲ್ಲಿ ದಿಲ್ಲಿಯಲ್ಲಿ ಪಂಜಾಬದ ಬಂತಾಸಿಂಗರನ್ನು ಕೆಡವಿ ಮೊಟ್ಟಮೊದಲಿನ ಹಿಂದ ಕೇಸರಿಯಾದ ಶ್ರೀಪತಿ ಖಂಚನಾಳೆಯವರು 1934ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ. ಮಣ್ಣು ಇಲ್ಲಿಯದು, ಮೈ ಬೆಳೆದದ್ದು ಕೊಲ್ಲಾಪುರದ ತಾಲೀಮಿನಲ್ಲಿ. ಅವರಿಗೆ ಶಿವ ಛತ್ರಪತಿ ಪ್ರಶಸ್ತಿ ಕೊಟ್ಟದ್ದು ಮಹಾರಾಷ್ಟ್ರ. ಕೊಲ್ಲಾಪುರದಲ್ಲಿಯೇ ಬಾಳಿ 2020ರ ಡಿಸೆಂಬರದಲ್ಲಿ ತಮ್ಮ 86ನೆಯ ವಯಸ್ಸಿನಲ್ಲಿ ಅಲ್ಲಿಯೇ ತೀರಿಕೊಂಡರು. ನಮ್ಮ ಊರಿನ ಹುಡುಗ ದೇಶಕ್ಕೇ ಮೊದಲಿಗನಾಗಬೇಕಾದರೆ ಹೊಳೆ ದಾಟಬೇಕಾಯಿತು. ಈ ಮಾತನ್ನು ಗಡಿಯ ಜಗಳ ಕೆದಕುವ ಸಲುವಾಗಿ ಹೇಳುತ್ತಿಲ್ಲ. ಪೈಲವಾನನನ್ನು ಸಾಕುವ ವ್ಯವಸ್ಥೆ ಎಲ್ಲಿತ್ತು, ಅದು ಏನಾಯಿತು ಎಂಬುದನ್ನು ತಿಳಿಯುವ ಸಲುವಾಗಿ ಹೇಳುತ್ತಿದ್ದೇನೆ.

ಕೊಲ್ಲಾಪುರದ ಶಾಹೂ ಮಹಾರಾಜರು 1912ರಲ್ಲಿ ಖಾಸಬಾಗ ಮೈದಾನ ಕಟ್ಟಿಸಿದರು. ತಾಲೀಮುಗಳಿಗೆ ಜಾಗ ಕೊಟ್ಟರು, ಪೈಲವಾನರಿಗೆ ಖುರಾಕು ಕೊಟ್ಟರು. ಹಾಲು, ತುಪ್ಪ, ಬಾದಾಮಿಯ ಖರ್ಚು ದರಬಾರದ ಲೆಕ್ಕದಲ್ಲಿ ಬೀಳುತ್ತಿತ್ತು. ಸಾಂಗಲಿ, ಮಿರಜ ಕಡೆಯ ಸಂಸ್ಥಾನಿಕರೂ ಹಿರಿತನಕ್ಕಾಗಿ ಇದೇ ದಾರಿ ಹಿಡಿದರು. ರಾಜರ ಗುಣಗಾನ ಮಾಡುವದು ನಮ್ಮ ಕೆಲಸವಲ್ಲ. ಆ ತುಪ್ಪವೂ ರೈತನ ಮನೆಯದೇ. ಆದರೆ ಒಂದು ಮಾತು ಖರೆ. ಪೈಲವಾನಿಕೆ ಒಂದು ಕಸಬು, ಅದನ್ನು ಮಾಡುವವನಿಗೆ ಹೊಟ್ಟೆಗೆ ಹಾಕಬೇಕು ಎಂಬುದನ್ನು ಅವರು ಒಪ್ಪಿಕೊಂಡಿದ್ದರು. ಮುಂದೆ ಸಂಸ್ಥಾನಗಳು ವಿಲೀನವಾದವು. 1949ರ ಮಾರ್ಚದಲ್ಲಿ ಕೊಲ್ಲಾಪುರ ಮುಂಬಯಿ ಪ್ರಾಂತಕ್ಕೆ ಸೇರಿತು. ಅರಸೊತ್ತಿಗೆ ಹೋದದ್ದು ಒಳ್ಳೆಯದಾಯಿತು. ಅರಸನು ಹೊತ್ತಿದ್ದ ಆ ಒಂದು ಹೊರೆಯನ್ನು ಮಾತ್ರ ಪ್ರಜಾಸರಕಾರ ಪೂರ್ತಿಯಾಗಿ ಎತ್ತಿಕೊಳ್ಳಲಿಲ್ಲ. ಅದು ಬಂದು ಬಿದ್ದದ್ದು ಊರ ಜಾತ್ರೆಯ ಕಮಿಟಿಗಳ ಮೇಲೆ, ಅಂದರೆ ವರ್ಗಣಿ ಕೊಡುವ ನಿಮ್ಮ ಮೇಲೆ.

ಕಸಬು ಎಂದೆ. ಈ ಕಸಬಿನ ಲೆಕ್ಕವನ್ನು ಸ್ವಲ್ಪ ನೋಡಿರಿ. ಹದಿನೈದು ವರ್ಷದ ಹುಡುಗ ತಾಲೀಮಿಗೆ ಹೋಗುತ್ತಾನೆ. ನಾನು ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ಇಂಥ ಹುಡುಗರನ್ನು ಕಂಡಿದ್ದೇನೆ. ನಸುಕಿನಲ್ಲಿ ಎದ್ದು ಸಾಮು ಮಾಡಿ ಬಂದು ಮೂರನೆಯ ತಾಸಿಗೆ ಬೆಂಚಿನ ಮೇಲೆ ತೂಕಡಿಸುತ್ತಿದ್ದರು. ಮ್ಯಾಟ್ರಿಕ ಮುಟ್ಟುವವರು ಕಡಿಮೆ. ಮುಂದೆ ಹತ್ತು ವರ್ಷ ದಂಡ, ಬಸ್ಕಿ, ಜೋರು, ಖುರಾಕು. ಈ ಹತ್ತು ವರ್ಷ ಆತ ಬೇರೆ ಯಾವ ಕೆಲಸವನ್ನೂ ಕಲಿಯುವದಿಲ್ಲ. ಕಲಿಯಗೊಟ್ಟರೆ ಆತ ಪೈಲವಾನನಾಗುವದಿಲ್ಲ. ಇಪ್ಪತ್ತರಿಂದ ಮೂವತ್ತರ ಒಳಗೆ ಗಳಿಸಿದ್ದೇ ಗಳಿಕೆ. ಆ ಗಳಿಕೆಯ ಬಹುಭಾಗ ಮತ್ತೆ ಹಾಲಿಗೆ, ಬಾದಾಮಿಗೆ, ವಸ್ತಾದನ ಗೌರವಕ್ಕೆ ಹೋಗುತ್ತದೆ. ಮೂವತ್ತೆರಡು ಮೂವತ್ತೈದಕ್ಕೆ ಕುತ್ತಿಗೆ ಹಿಡಿಯುತ್ತದೆ, ಮೊಣಕಾಲು ಸಪ್ಪಳ ಮಾಡುತ್ತದೆ, ಕಿವಿ ಮುದ್ದೆಯಾಗಿರುತ್ತದೆ. ಸಾಮು ನಿಂತರೂ ಹಸಿವು ನಿಲ್ಲುವದಿಲ್ಲ. ಮೈ ಸಡಿಲಾಗುತ್ತದೆ, ಸಕ್ಕರೆ ಕಾಯಿಲೆ ಹೊಕ್ಕುತ್ತದೆ. ಇನ್ನೊಬ್ಬನ ಹೊಲದಲ್ಲಿ ಕೂಲಿಗೆ ನಿಂತರೆ ಜನ ನಗುತ್ತಾರೆ: ‘ಅಲ್ಲಿ ನೋಡ್ರಿ, ಪೈಲವಾನರು ಕಸ ತಗೀಲಿಕ್ಕ ಹತ್ತ್ಯಾರ.’

ಇಂಥವನ ಮನೆಗೆ ಕಮಿಟಿಯವರು ಹೋಗುತ್ತಾರೆ. ‘ನಿಮ್ಮ ಹೆಸರು ಇದ್ದರೆ ಮೈದಾನ ತುಂಬತದ, ಪೈಲವಾನರ. ಒಂದು ಐದು ನಿಮಿಷ ಕೈ ಕೂಡಿಸ್ರಿ, ಬರೋಬರಿ ಬಿಡಿಸಿಬಿಡತೀವಿ.’ ಆತನಿಗೂ ಮನಸ್ಸಿನಲ್ಲಿ ಹಲಗಿಯ ಸಪ್ಪಳ ಕೇಳಿಸುತ್ತದೆ. ಅದಕ್ಕಿಂತ ಹೆಚ್ಚಾಗಿ ಮಗಳ ಕಾಲೇಜಿನ ಫೀ ನೆನಪಾಗುತ್ತದೆ. ಹೂಂ ಎನ್ನುತ್ತಾನೆ. ವಾಚಕರೆ, ‘ಜನರ ಒತ್ತಾಯ’ವೆಂದರೆ ಇದು.

ಮೈದಾನ ತುಂಬುತ್ತದೆ. ಸುತ್ತಲಿನ ಕಬ್ಬಿನ ಹಾಲು, ಐಸ್ ಕ್ಯಾಂಡಿ, ಭಜಿಯ ಗಾಡಿಗಳವರು ನಾಲ್ಕು ಕಾಸು ಕಾಣುತ್ತಾರೆ. ಅದು ಅವರ ನ್ಯಾಯದ ಗಳಿಕೆ. ಪುಢಾರಿಗೆ ಹತ್ತು ಸಾವಿರ ಜನರ ಎದುರು ಭಾಷಣ ಮಾಡಿದಂತಾಗುತ್ತದೆ, ಅದೂ ಸಭೆಯ ಖರ್ಚಿಲ್ಲದೆ. ಹಳೇ ಪೈಲವಾನನಿಗೆ? ಹಾಂಡಬಿಲ್ಲಿನ ಮೇಲಿನ ಅಂಕಿ ಒಂದು, ಕೈಗೆ ಬಂದದ್ದು ಇನ್ನೊಂದು. ‘ವರ್ಗಣಿ ಇನ್ನೂ ಪೂರಾ ಬಂದಿಲ್ಲ’ ಎಂಬ ಮಾತನ್ನು ಕೇಳದ ಪೈಲವಾನ ಈ ಭಾಗದಲ್ಲಿ ವಿರಳ. ಮೊಣಕಾಲು ಜಾರಿದರೆ ರಿಕ್ಷಾ ಆತನದೇ, ದವಾಖಾನೆಯ ಬಿಲ್ಲೂ ಆತನದೇ.

ಈಗ ಮಾನದ ಮಾತಿನವರಿಗೆ ಉತ್ತರ. ವಯಸ್ಸಾದ ಮೇಲೆ ಮರಳಿ ಬಂದವರೆಲ್ಲ ಮಾನ ಕಳೆದುಕೊಂಡರೆಂಬುದು ಸುಳ್ಳು. ಮೈಸೂರಿನ ಜಾವಗಲ್ ಶ್ರೀನಾಥರು 2002ರಲ್ಲಿ ಟೆಸ್ಟ್ ಆಟಕ್ಕೆ ಶರಣು ಹೇಳಿದವರು, ನಾಯಕ ಗಂಗೂಲಿಯವರ ಒತ್ತಾಯದ ಮೇಲೆ ತಿರುಗಿ ಬಂದರು. 2003ರಲ್ಲಿ ಭಾರತ ವಿಶ್ವಕಪ್ಪಿನ ಫೈನಲ್ ಮುಟ್ಟಿದಾಗ ಚೆಂಡು ಅವರ ಕೈಯಲ್ಲಿತ್ತು. ಅಮೇರಿಕೆಯಲ್ಲಿ ಬಾಸ್ಕೆಟ್ ಬಾಲಿನ ಮಾತು ಇನ್ನೂ ದೊಡ್ಡದು. ಅಲ್ಲಿ ಈ ಆಟ ಗಿರಣಿಯಷ್ಟೇ ಪಕ್ಕಾ ವ್ಯಾಪಾರ. ಒಂದೊಂದು ತಂಡಕ್ಕೂ ಒಬ್ಬೊಬ್ಬ ಮಾಲಿಕ. ಮಾಯಕೆಲ್ ಜೋರ್ಡಾನ್ ಎಂಬಾತ 1993ರಲ್ಲಿ ಆಟ ಬಿಟ್ಟ, 1995ರ ಮಾರ್ಚದಲ್ಲಿ ಮರಳಿದ, ಮುಂದೆ 1996, 1997, 1998 ಮೂರೂ ವರ್ಷ ತನ್ನ ತಂಡಕ್ಕೆ ಪ್ರಶಸ್ತಿ ಗೆದ್ದುಕೊಟ್ಟ. 1991ರಲ್ಲಿ ಎಚ್.ಐ.ವಿ. ಸೋಂಕಿನ ಸುದ್ದಿ ತಾನೇ ಹೇಳಿ ಆಟ ಬಿಟ್ಟಿದ್ದ ಮ್ಯಾಜಿಕ್ ಜಾನ್ಸನ್ 1996ರಲ್ಲಿ 36ರ ವಯಸ್ಸಿನಲ್ಲಿ ಬಂದು 32 ಪಂದ್ಯ ಆಡಿದ. ಮೊದಲು ಅಂಜಿ ದೂರ ನಿಂತಿದ್ದ ಆಟಗಾರರ ನಡುವೆಯೇ ಮೈಗೆ ಮೈ ಹಚ್ಚಿ ಆಡಿದ. ರೋಗದ ಬಗ್ಗೆ ಇದ್ದ ಹುಸಿ ಭಯವನ್ನು ಆ 32 ಪಂದ್ಯಗಳು ಎಷ್ಟು ಓಡಿಸಿದವೋ ಅಷ್ಟನ್ನು ಭಾಷಣಗಳು ಓಡಿಸಲಾರವು. ಇಲ್ಲಿ ಅಪಮಾನ ಎಲ್ಲಿದೆ?

ನಮ್ಮ ದೇಶದ್ದೇ ಬೇಕೆಂದರೆ ವಿನೇಶ ಫೋಗಟರ ಮಾತಿದೆ. 2024ರ ಅಗಸ್ಟದಲ್ಲಿ ಪ್ಯಾರಿಸ್ಸಿನಲ್ಲಿ ನೂರು ಗ್ರಾಮು ತೂಕ ಹೆಚ್ಚಾಯಿತೆಂದು ಫೈನಲ್ಲಿನಿಂದ ಹೊರಹಾಕಿದಾಗ ಕುಸ್ತಿ ಬಿಟ್ಟೆನೆಂದರು. 2025ರ ಡಿಸೆಂಬರದಲ್ಲಿ ಮರಳುತ್ತೇನೆಂದು ಸಾರಿದರು. ಶಾಸಕಿಯಾದವರು ಹೊಟ್ಟೆಯ ಸಲುವಾಗಿ ಬಂದರೆಂದು ಯಾರೂ ಹೇಳಲಾರರು. ತನ್ನ ಕೈಯಿಂದ ಕಸಿದದ್ದನ್ನು ಕೇಳಲಿಕ್ಕೆ ಬಂದರು. ಇಂಥ ಮರಳುವಿಕೆಗೆ ಅಡ್ಡ ನಿಲ್ಲುವ ಅಧಿಕಾರ ಯಾರಿಗೂ ಇಲ್ಲ. ಮೈಯಲ್ಲಿ ಕಸುವು ಎಷ್ಟು ಉಳಿದಿದೆ ಎಂಬುದು ಆಡುವವನಿಗೆ ಗೊತ್ತು. ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕುವವನಿಗಲ್ಲ.

ಆದರೆ ಅದೇ ಜೋರ್ಡಾನನ ಕತೆಯ ಉಳಿದ ಅರ್ಧವನ್ನೂ ಕೇಳಿರಿ. 1999ರಲ್ಲಿ ಎರಡನೆಯ ಸಲ ಬಿಟ್ಟವನು 2001ರಲ್ಲಿ ಮೂರನೆಯ ಸಲ ಬಂದ, ಈ ಸಲ ವಾಶಿಂಗ್ಟನ್ ತಂಡಕ್ಕೆ. ಆ ತಂಡದಲ್ಲಿ ಆತನಿಗೆ ಪಾಲು ಇತ್ತು, ಆಡಳಿತ ನೋಡುತ್ತಿದ್ದ. ಆಡಬೇಕಾದರೆ ಪಾಲು ಬಿಡಬೇಕೆಂಬ ನಿಯಮದಂತೆ ಬಿಟ್ಟು ಬಂದ. ಮೊದಲ ವರ್ಷದ ಪಗಾರವನ್ನು ಸಪ್ಟಂಬರ 11ರ ಅನಾಹುತದ ಸಂತ್ರಸ್ತರಿಗೆ ಕೊಟ್ಟ. ಮೊಣಕಾಲಿಗೆ ಶಸ್ತ್ರಕ್ರಿಯೆಯಾಗಿ ಆ ವರ್ಷ 60 ಪಂದ್ಯಕ್ಕೇ ನಿಲ್ಲಬೇಕಾಯಿತು. ಮರುವರ್ಷ 82ಕ್ಕೆ 82 ಪಂದ್ಯವನ್ನೂ ಆಡಿದ. 2003ರ ಫೆಬ್ರುವರಿಯಲ್ಲಿ, ನಾಲ್ವತ್ತು ತುಂಬಿದ ಮೇಲೆ, ಒಂದೇ ಪಂದ್ಯದಲ್ಲಿ 43 ಅಂಕ ಹೊಡೆದ. ಆಟದ ಮನೆ ತುಂಬಿ ತುಳುಕಿತು, ಮಾಲಿಕನ ತಿಜೋರಿಯೂ ತುಂಬಿತು. ತಂಡ ಮಾತ್ರ ಮುಂದಿನ ಸುತ್ತಿಗೆ ಏರಲಿಲ್ಲ. ಆಟ ಮುಗಿದ ಕೂಡಲೆ, 2003ರ ಮೇ ತಿಂಗಳಲ್ಲಿ, ಹಳೆಯ ಆಡಳಿತದ ಕುರ್ಚಿಯನ್ನು ಕೇಳಲಿಕ್ಕೆ ಹೋದವನಿಗೆ ಮಾಲಿಕ ಏಬ್ ಪೋಲಿನ್ ಬಾಗಿಲು ತೋರಿಸಿದ. ಜೋರ್ಡಾನ್ ಆಗಲೇ ಕುಬೇರ. ಆತನ ಅನ್ನಕ್ಕೆ ಧಕ್ಕೆಯಾಗಲಿಲ್ಲ. ಆದರೂ ನೋಡಿರಿ, ಲೋಕದಲ್ಲಿ ಆ ಆಟಕ್ಕೆ ಅರಸನೆನಿಸಿದವನ ಗತಿಯೇ ಹೀಗಾದರೆ, ನಮ್ಮ ಜಾತ್ರೆಯ ಪೈಲವಾನನಿಗೆ ಕಮಿಟಿಯ ಬಾಯಿಮಾತೇ ಆಧಾರವೆ?

ಇದಕ್ಕೆ ಮದ್ದನ್ನೂ ಅದೇ ಆಟದವರು ಕಂಡುಕೊಂಡರು. ಆ ಸಂಗತಿ ನಮ್ಮ ಗಿರಣಿಯವರಿಗೆ ಗೊತ್ತಿರಬೇಕಾದದ್ದು. ಬಾಬ್ ಕೂಸಿ ಎಂಬ ಬಾಸ್ಟನ್ನಿನ ಆಟಗಾರ (ಹೆಸರು ಕೂಸಿ, ಆಟದಲ್ಲಿ ಕೂಸಲ್ಲ) 1954ರಲ್ಲಿ ಆಟಗಾರರ ಸಂಘ ಕಟ್ಟಿದ. ಮಾಲಿಕರು ವರ್ಷಗಟ್ಟಲೆ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಆ ಕಾಲದಲ್ಲಿ ಆಟಗಾರರ ಪಗಾರ ಈಗಿನಂತೆ ಕೋಟಿಗಳಲ್ಲಿರಲಿಲ್ಲ. ಬೇಸಿಗೆಯಲ್ಲಿ ಬೇರೆ ನೌಕರಿ ಮಾಡಿ ಮನೆ ನಡೆಸುವವರು ಬಹಳ. ಮುಪ್ಪಿಗೆ ಪೆನ್ಶನ್ ಎಂಬುದು ಇರಲೇ ಇಲ್ಲ. 1964ರ ಜನೇವರಿ 14ಕ್ಕೆ ಬಾಸ್ಟನ್ನಿನಲ್ಲಿ ಆರಿಸಿದ ಆಟಗಾರರ ದೊಡ್ಡ ಪಂದ್ಯವಿತ್ತು. ದೇಶಕ್ಕೆಲ್ಲ ಟೆಲಿವಿಜನ್ ಮೇಲೆ ತೋರಿಸುವ ಏರ್ಪಾಡಾಗಿತ್ತು. ಆ ರಾತ್ರಿ ಎರಡೂ ತಂಡದವರು ಬಟ್ಟೆ ಬದಲಿಸುವ ಕೋಣೆಯಲ್ಲಿ ಕೂತು, ಪೆನ್ಶನ್ ಯೋಜನೆಗೆ ಮಾತು ಕೊಡುವವರೆಗೆ ಅಂಗಳಕ್ಕೆ ಇಳಿಯುವದಿಲ್ಲವೆಂದರು. ಸಂಘದ ಮುಖಂಡ ಟಾಮ್ ಹೈನ್ಸನ್ ಮುಂದೆ ನಿಂತಿದ್ದ. ಕಪ್ಪು ಮೈಯವರು ಬಿಳಿ ಮೈಯವರು ಒಂದೇ ಕೋಣೆಯಲ್ಲಿ ಒಂದೇ ಮಾತಾಡಿದರು, ಅದೂ ಅಮೇರಿಕೆಯಲ್ಲಿ ವರ್ಣದ್ವೇಷ ಧಗಧಗಿಸುತ್ತಿದ್ದ ಆ ವರ್ಷದಲ್ಲಿ. ಲಾಸ್ ಏಂಜಲೀಸ್ ತಂಡದ ಮಾಲಿಕ ತನ್ನ ಆಟಗಾರರಾದ ಎಲ್ಜಿನ್ ಬೇಲರ್, ಜೆರಿ ವೆಸ್ಟರಿಗೆ ಕೂಡಲೆ ಹೊರಗೆ ಬರ್ರಿ ಎಂದು ಹೇಳಿಕಳಿಸಿದ. ಬೇಲರ್ ಜಗ್ಗಲಿಲ್ಲ. ಟೆಲಿವಿಜನ್ನಿನವರು ಗಡಿಯಾರ ನೋಡಿದರು. ಕೊನೆಗೆ ಆಟದ ಮುಖ್ಯಾಧಿಕಾರಿ ವಾಲ್ಟರ್ ಕೆನಡಿ ಬಂದು ಪೆನ್ಶನ್ನಿಗೆ ಮಾತು ಕೊಟ್ಟ. ಪಂದ್ಯ ಸ್ವಲ್ಪ ತಡವಾಗಿ ಶುರುವಾಯಿತು, ಅಷ್ಟೆ. ಆಕಾಶ ಕಳಚಿ ಬೀಳಲಿಲ್ಲ.

ಗೆದ್ದ ಮೇಲೂ ಎಲ್ಲರಿಗೆ ಮುಟ್ಟಲಿಲ್ಲ ಎಂಬುದನ್ನೂ ಹೇಳಬೇಕು. 1965ಕ್ಕಿಂತ ಮೊದಲೇ ಆಟ ಮುಗಿಸಿದ್ದ ಹಿರಿಯರು ಯೋಜನೆಯ ಹೊರಗುಳಿದರು. ಅವರು ಒಳಗೆ ಬರುವದಕ್ಕೆ ವರ್ಷಗಟ್ಟಲೆ ಬಡಿದಾಡಬೇಕಾಯಿತು. 1967ರಿಂದ 1976ರವರೆಗೆ ನಡೆದ ಎ.ಬಿ.ಎ. ಎಂಬ ಇನ್ನೊಂದು ಕೂಟದ ಹಳಬರ ಕತೆ ಇನ್ನೂ ಕಷ್ಟದ್ದು. ಅವರಿಗಾಗಿ 24.5 ಮಿಲಿಯನ್ ಡಾಲರಿನ ನಿಧಿ ತೆಗೆದಿರಿಸಿದ್ದು 2022ರಲ್ಲಿ, ಅವರ ಕೂಟ ಮುಚ್ಚಿ 46 ವರ್ಷವಾದ ಮೇಲೆ. ಅಷ್ಟರಲ್ಲಿ ಎಷ್ಟೋ ಜನ ಮಣ್ಣಾಗಿದ್ದರು. ಮತ್ತು ಸಂಘ ಕಟ್ಟಿದ ಕೂಸಿಯೇ 1963ರಲ್ಲಿ ಆಟ ಬಿಟ್ಟವನು 1969ರ ಹಂಗಾಮಿನಲ್ಲಿ, 41ರ ವಯಸ್ಸಿನಲ್ಲಿ, ತಾನು ತರಬೇತುಗಾರನಾಗಿದ್ದ ಸಿನ್ಸಿನಾಟಿ ತಂಡಕ್ಕೆ ಮತ್ತೆ ಅಂಗಿ ತೊಟ್ಟು ಏಳು ಪಂದ್ಯ ಆಡಿದ. ಏಕೆ? ಟಿಕೀಟು ಖರ್ಚಾಗಲೆಂದು. ಆ ನೌಕರಿಯನ್ನು ದುಡ್ಡಿನ ಸಲುವಾಗಿಯೇ ಹಿಡಿದೆನೆಂದು ಆತ ಮುಚ್ಚುಮರೆಯಿಲ್ಲದೆ ಹೇಳಿದ್ದಾನೆ. ಆ ಪ್ರಾಮಾಣಿಕತೆ ನಮಗೆ ಸೇರುತ್ತದೆ. ‘ಜನರ ಒತ್ತಾಯ’ ಎಂದು ಆತ ಬರೆಸಲಿಲ್ಲ.

ನಮ್ಮ ದೇಶದಲ್ಲಿ ಯಾರ ಮುಪ್ಪು ಭದ್ರವಾಗಿದೆ? ಕ್ರಿಕೆಟ್ಟಿನವರದು. ಕ್ರಿಕೆಟ್ ಮಂಡಳಿ 2022ರ ಜೂನದಲ್ಲಿ ಹಳೆಯ ಆಟಗಾರರ ಪೆನ್ಶನ್ ಏರಿಸಿತು. ತಿಂಗಳಿಗೆ 15,000 ಬರುತ್ತಿದ್ದ ಪ್ರಥಮ ದರ್ಜೆಯ ಆಟಗಾರರಿಗೆ 30,000 ಆಯಿತು; 37,500 ಬರುತ್ತಿದ್ದ ಟೆಸ್ಟ್ ಆಟಗಾರರಿಗೆ 60,000 ಆಯಿತು. ಒಳ್ಳೆಯದೇ ಆಯಿತು, ಹೊಟ್ಟೆಕಿಚ್ಚಿಲ್ಲ. ಆ ಹಳಬರು ಈಗಿನ ‘ಲೆಜೆಂಡ್ಸ್’ ಪಂದ್ಯಗಳಲ್ಲಿ ಹೊಟ್ಟೆ ಬಿಟ್ಟುಕೊಂಡು ಆಡಿದರೆ ನೋಡುವವರಿಗೂ ಸಂತೋಷ, ಅವರಿಗೂ ಸಂತೋಷ. ಬೇಡವೆನಿಸಿದರೆ ಮನೆಯಲ್ಲಿ ಕೂಡ್ರಬಹುದು. ಆ ‘ಬೇಡ’ ಎನ್ನುವ ಶಕ್ತಿ ಆ ಪೆನ್ಶನ್ನಿನದು.

ಕುಸ್ತಿಯವರ ಕಡೆ ಬರ್ರಿ. ಕರಾಡದ ಹತ್ತಿರದ ಗೋಳೇಶ್ವರದ ಖಾಶಾಬಾ ಜಾಧವರು 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚು ಗೆದ್ದರು; ಸ್ವತಂತ್ರ ಭಾರತಕ್ಕೆ ಒಬ್ಬನೇ ಆಡಿ ತಂದ ಮೊದಲ ಒಲಿಂಪಿಕ ಪದಕ ಅದು. ಹೋಗುವದಕ್ಕೆ ಸರಕಾರ ದುಡ್ಡು ಕೊಡಲಿಲ್ಲ. ಊರವರು ವರ್ಗಣಿ ಎತ್ತಿದರು, ಕೊಲ್ಲಾಪುರದ ರಾಜಾರಾಮ ಕಾಲೇಜಿನ ಪ್ರಿನ್ಸಿಪಾಲ ಖರ್ಡೀಕರರು ತಮ್ಮ ಮನೆ ಒತ್ತೆಯಿಟ್ಟು 7,000 ರೂಪಾಯಿ ಕೊಟ್ಟರು. ಗೆದ್ದು ಬಂದಾಗ ಎತ್ತಿನ ಬಂಡಿಗಳ ಮೆರವಣಿಗೆ ನಡೆಯಿತು. 1955ರಲ್ಲಿ ಪೋಲೀಸ ಸಬ್-ಇನ್ಸ್‌ಪೆಕ್ಟರ ನೌಕರಿ ಸಿಕ್ಕಿತು. ಮುಂದಿನ ಒಲಿಂಪಿಕ್ಕಿಗೆ ಮೊದಲೇ ಮೊಣಕಾಲು ಕೈಕೊಟ್ಟಿತು. 27 ವರ್ಷ ನೌಕರಿ ಮಾಡಿದ ಮೇಲೂ ಪೆನ್ಶನ್ನಿಗಾಗಿ ಕಚೇರಿಗಳ ಮೆಟ್ಟಿಲು ತುಳಿಯಬೇಕಾಯಿತು. 1984ರಲ್ಲಿ ರಸ್ತೆಯ ಅಪಘಾತದಲ್ಲಿ ಸತ್ತರು. ಅರ್ಜುನ ಪ್ರಶಸ್ತಿ ಬಂದದ್ದು ಸತ್ತು ಹದಿನಾರು ವರ್ಷದ ಮೇಲೆ. ಬದುಕಿದ್ದಾಗ ಕೊಡಬೇಕಾದದ್ದನ್ನು ಕೊಡದೆ ಫೋಟೋಕ್ಕೆ ಹಾರ ಹಾಕುವದರಲ್ಲಿ ನಮ್ಮ ಸರಕಾರಗಳಿಗೆ ಸರಿಸಾಟಿ ಯಾರು?

ಕರ್ನಾಟಕದಲ್ಲಿ ಮಾಜಿ ಪೈಲವಾನರಿಗೆ ಮಾಸಾಶನ ಎಂಬುದೊಂದಿದೆ, ಇಲ್ಲವೆಂದಲ್ಲ. ಆದರೆ ಅದಕ್ಕೆ ಪ್ರಮಾಣಪತ್ರ ಬೇಕು. ರಾಜ್ಯಮಟ್ಟದಲ್ಲಿಯೋ, ರಾಷ್ಟ್ರಮಟ್ಟದಲ್ಲಿಯೋ ಆಡಿದ ಕಾಗದ ಬೇಕು. ಜಾತ್ರೆಯ ಕುಸ್ತಿಗೆ ಯಾರು ಕಾಗದ ಕೊಡುತ್ತಾರೆ? ಅಲ್ಲಿ ಕೊಡುವದು ಫೇಟೆ, ತೆಂಗಿನಕಾಯಿ, ಬೆಳ್ಳಿಯ ಕಡಗ. ಇಡೀ ಪ್ರಾಯವನ್ನು ಮಣ್ಣಿನಲ್ಲಿ ಕಳೆದು ಒಂದೂ ಸರ್ಟಿಫಿಕೇಟು ಇಲ್ಲದೆ ಉಳಿದವರು ಚಿಕ್ಕೋಡಿ, ರಾಯಬಾಗ, ಅಥಣಿ ತಾಲೂಕುಗಳಲ್ಲಿ ಊರಿಗೊಬ್ಬರು ಸಿಕ್ಕಾರು. ಇಂಥವರೇ ಮತ್ತೆ ಹಾಂಡಬಿಲ್ಲಿನ ಮೇಲೆ ಏರುವವರು.

ಗಿರಣಿಯ ಅಣ್ಣಂದಿರೆ, ಇದು ನಿಮಗೆ ಗೊತ್ತಿರುವ ಕತೆಯೇ. ಅರವತ್ತಕ್ಕೆ ಹಾರ ಹಾಕಿಸಿಕೊಂಡು ಮನೆಗೆ ಹೋದ ಫಿಟ್ಟರ ಆರು ತಿಂಗಳಲ್ಲಿ ಅದೇ ಗೇಟಿನ ಒಳಗೆ ಗುತ್ತಿಗೆದಾರನ ಆಳಾಗಿ, ಅರ್ಧ ಪಗಾರಕ್ಕೆ, ಅದೇ ಯಂತ್ರದ ಮುಂದೆ ನಿಂತಿರುವದನ್ನು ನೀವು ನೋಡಿಲ್ಲವೆ? ‘ಅನುಭವಿ ಮನುಷ್ಯ, ಸುಮ್ಮನೆ ಕೂಡ್ರಲಾರ’ ಎಂದು ಮಾಲಿಕ ಹೊಗಳುತ್ತಾನೆ. ಸುಮ್ಮನೆ ಕೂಡ್ರಲಾರದವನು ಮನುಷ್ಯನಲ್ಲ, ಆತನ ಹೊಟ್ಟೆ. ಭವಿಷ್ಯನಿಧಿಯ ಪೆನ್ಶನ್ನಿಗೆ 2014ರ ಸಪ್ಟಂಬರದಲ್ಲಿ ಕೇಂದ್ರ ಸರಕಾರ ಗೊತ್ತುಪಡಿಸಿದ ಕನಿಷ್ಠ ಮೊತ್ತ ತಿಂಗಳಿಗೆ 1,000 ರೂಪಾಯಿ. ಇಷ್ಟರಲ್ಲಿ ಯಾವ ಫಿಟ್ಟರ, ಯಾವ ಪೈಲವಾನ ಮನೆಯಲ್ಲಿ ಕೂತಾನು? ಆತ ಮರಳಿ ಬಂದನೆಂದು ಚಪ್ಪಾಳೆ ತಟ್ಟುವ ಮೊದಲು ಆತನಿಗೆ ಬಾರದೆ ಇರುವ ದಾರಿ ಇತ್ತೇ ಎಂದು ಕೇಳಬೇಕು.

ಇನ್ನು ಕೆಲವರು ಹೇಳುವದುಂಟು: ಲೀಗುಗಳು ಬಂದವು, ಇನ್ನು ಪೈಲವಾನರ ಬಡತನ ಹೋಯಿತು, ಎಂದು. 2015ರ ಡಿಸೆಂಬರದಲ್ಲಿ ಪ್ರೊ ರೆಸ್ಲಿಂಗ್ ಲೀಗು ಶುರುವಾಯಿತು. ಪೈಲವಾನರನ್ನು ಹರಾಜು ಕೂಗಿದರು. (ಮನುಷ್ಯನನ್ನು ಹರಾಜು ಕೂಗುವ ಶಬ್ದ ನಮ್ಮ ಕಿವಿಗೆ ಹಿತವಲ್ಲ, ಆದರೆ ಅದು ಈಗ ಸರ್ವಮಾನ್ಯ.) 2019ರ ಹಂಗಾಮು ಮುಗಿದದ್ದೇ ತಡ, ಅದು ವರ್ಷಗಟ್ಟಲೆ ನಿಂತುಹೋಯಿತು. ಬಾಸ್ಕೆಟ್ ಬಾಲಿಗೂ 2015ರಲ್ಲಿ ಯು.ಬಿ.ಎ. ಎಂಬ ಲೀಗು ಬಂದು 2017ರ ಹೊತ್ತಿಗೆ ಕಣ್ಮರೆಯಾಯಿತು. ಮಾಲಿಕನಿಗೆ ಲಾಭ ಕಂಡರೆ ಲೀಗು, ಕಾಣದಿದ್ದರೆ ಬೀಗ. ಮೇಲಾಗಿ ಅಲ್ಲಿ ಕೊಳ್ಳುವದು ಪ್ರಾಯದವರನ್ನು, ಗಾದಿಯ ಮೇಲೆ ಅಂಕಿಗಾಗಿ ಆಡುವವರನ್ನು. ಮಣ್ಣಿನಲ್ಲಿ ಬೆಳೆದ ನಾಲ್ವತ್ತರ ಪೈಲವಾನನಿಗೆ ಅಲ್ಲಿ ಗೇಟು ಕಾಯುವ ಕೆಲಸವೂ ಸಿಗಲಿಕ್ಕಿಲ್ಲ. ಆತನಿಗೆ ಉಳಿದದ್ದು ನಮ್ಮ ಜಾತ್ರೆಯೇ. ಆದ್ದರಿಂದ ನ್ಯಾಯವನ್ನು ದಿಲ್ಲಿಯಿಂದ ಕಾಯದೆ ನಮ್ಮ ಜಾತ್ರೆಯಿಂದಲೇ ಶುರುಮಾಡಬೇಕು.

ಪೇಟೆಯ ಬಾಂಧವರೆ, ಇಲ್ಲಿ ನಿಮ್ಮ ಕೈಯಲ್ಲಿ ಬಲವಿದೆ. ಜಾತ್ರೆಯ ಕುಸ್ತಿಗೆ ದುಡ್ಡು ಕೊಡುವವರು ಕಿರಾಣಿಯವರು, ಬಟ್ಟೆಯವರು, ಹೋಟೆಲಿನವರು, ಹಂಗಾಮಿನಲ್ಲಿ ಒಂದು ದಿನದ ಪಗಾರ ಕೊಡುವ ಕಾರಖಾನೆಯವರು. ದುಡ್ಡು ಕೊಟ್ಟವನು ಲೆಕ್ಕ ಕೇಳಬಹುದು. ಹಳೇ ಪೈಲವಾನನ ಹೆಸರು ಹಾಕುವದಿದ್ದರೆ ಆತನ ಮೊತ್ತವನ್ನು ಕುಸ್ತಿಗೆ ಮೊದಲೇ ಕೈಯಲ್ಲಿಡಬೇಕು. ಸೋತರೂ ಗೆದ್ದರೂ ಅದು ಕಡಿಮೆಯಾಗಬಾರದು. ಜೋಡಿ ಹಚ್ಚುವಾಗ ವಯಸ್ಸು ನೋಡಬೇಕು, ಇಪ್ಪತ್ತೆರಡರ ಹುರಿಗಾಳಿನ ಎದುರು ನಲವತ್ತೈದರವನನ್ನು ನಿಲ್ಲಿಸುವದು ಕುಸ್ತಿಯಲ್ಲ. ನಿಕಾಲಿ ಎಂಬ ಹಟ ಹಳಬರಿಗೆ ಬೇಡ. ಹೊತ್ತು ಗೊತ್ತುಪಡಿಸಿ ಬಿಡಿಸಬೇಕು. ಕಣದ ಬದಿಗೆ ಡಾಕ್ಟರರು ಇರಬೇಕು, ಅವರು ಲಂಗೋಟ ಕಟ್ಟುವದಕ್ಕೆ ಮೊದಲೇ ರಕ್ತದ ಒತ್ತಡ ನೋಡಿ ಬೇಡವೆಂದರೆ ಆ ಮಾತೇ ಕಡೆಯದು. ದುಡ್ಡು ಮಾತ್ರ ಆತನಿಗೆ ಸಲ್ಲಬೇಕು. ಬ್ಯಾಂಕುಗಳಲ್ಲಿ ವರ್ಷಕ್ಕೆ 20 ರೂಪಾಯಿ ಕಟ್ಟಿದರೆ 2 ಲಕ್ಷದ ಅಪಘಾತ ವಿಮೆ ಸಿಗುತ್ತದೆ. ಅದನ್ನಾದರೂ ಮಾಡಿಸಿದ್ದಾರೆಯೇ ಎಂದು ಕೇಳುವವರಿಲ್ಲ. ಆದರೆ ಅದು ಸಾವಿಗೆ, ಕಾಯಂ ಅಂಗಹೀನತೆಗೆ ಮಾತ್ರ. ಮೊಣಕಾಲು ಜಾರಿ ಆರು ತಿಂಗಳು ಹಾಸಿಗೆ ಹಿಡಿದರೆ ಅದರಿಂದ ಒಂದು ಪೈ ಬಾರದು. ಆ ಖರ್ಚು ಕಮಿಟಿಯದಾಗಬೇಕು, ಮೈದಾನ ತುಂಬಿಸಿಕೊಂಡವರದಾಗಬೇಕು.

ಇಷ್ಟಕ್ಕೇ ನಿಲ್ಲಬಾರದು. ಹಳೇ ಪೈಲವಾನನನ್ನು ಮಣ್ಣಿಗೆ ಇಳಿಸದೆಯೂ ದುಡಿಸಿಕೊಳ್ಳುವ ದಾರಿಗಳಿವೆ. ಕುಸ್ತಿ ಬಿಡಿಸುವ ಪಂಚನನ್ನಾಗಿ ಮಾಡಿರಿ, ಅದಕ್ಕೆ ಫೀ ಕೊಡಿರಿ; ಈಗ ಆ ಜಾಗದಲ್ಲಿ ಕೋಲು ಹಿಡಿದು ನಿಲ್ಲುವವರು ಬಹಳ ಕಡೆ ಕಮಿಟಿಯ ಬೀಗರು. ಊರ ಗರಡಿಗೆ ವಸ್ತಾದನನ್ನಾಗಿ ಗ್ರಾಮ ಪಂಚಾಯತಿಯೋ, ಪಟ್ಟಣ ಪಂಚಾಯತಿಯೋ ನೇಮಿಸಿ ತಿಂಗಳ ಪಗಾರ ಕೊಡಲಿ. ಶಾಲೆಗೆ ಮಾಸ್ತರನಿದ್ದಂತೆ ಗರಡಿಗೆ ವಸ್ತಾದ. ಮಾಸ್ತರನಿಗೆ ಪಗಾರ ಬೇಕೆಂದು ಎಲ್ಲರೂ ಒಪ್ಪುತ್ತಾರೆ. ವಸ್ತಾದನಿಗೆ ಮಾತ್ರ ಗುರುಪೂರ್ಣಿಮೆಯ ತೆಂಗಿನಕಾಯಿ ಸಾಕೇ? ಮಾಸಾಶನಕ್ಕೆ ಸರ್ಟಿಫಿಕೇಟಿನ ಬದಲು ಊರ ಪಂಚರ, ತಾಲೀಮಿನ ಸಾಕ್ಷಿ ನಡೆಯಬೇಕೆಂದು ತಾಲೂಕಿನ ಪೈಲವಾನರೆಲ್ಲ ಕೂಡಿ ಬೆಳಗಾವಿಗೆ ಅರ್ಜಿ ಒಯ್ಯಬೇಕು. ಒಬ್ಬೊಬ್ಬನಾಗಿ ಹೋದರೆ ಜವಾನನೇ ತಿರುಗಿಸಿ ಕಳಿಸುತ್ತಾನೆ.

‘ಇಷ್ಟೆಲ್ಲ ಷರತ್ತು ಹಾಕಿದರೆ ಜಾತ್ರೆಯ ಕುಸ್ತಿಯೇ ನಿಂತೀತಲ್ಲ, ಮಾಸ್ತರ?’ ಎಂದು ಒಬ್ಬ ಅಂಗಡಿಕಾರರು ನನ್ನನ್ನು ಕೇಳಿದರು. ಅವರ ಚಿಂತೆ ಸುಳ್ಳಲ್ಲ. ಕುಸ್ತಿ ನಿಂತರೆ ಆ ದಿನದ ವ್ಯಾಪಾರವೂ ನಿಲ್ಲುತ್ತದೆ. ಬಾಸ್ಟನ್ನಿನಲ್ಲಿಯೂ ಮಾಲಿಕರು ಇದೇ ಮಾತು ಹೇಳಿದ್ದರು. ಪಂದ್ಯ ನಿಲ್ಲಲಿಲ್ಲ. ಫೇಟೆ, ಶಾಲು, ಪೆಂಡಾಲು, ಡಿಜೆಗಳಿಗೆ ಹೋಗುವ ದುಡ್ಡಿನಲ್ಲಿ ಸ್ವಲ್ಪ ಈ ಕಡೆ ತಿರುಗಿಸಿದರೆ ಮೇಲೆ ಹೇಳಿದ್ದೆಲ್ಲ ಆಗುತ್ತದೆ. ಪುಢಾರಿಯ ಫೋಟೋ ಸ್ವಲ್ಪ ಸಣ್ಣದಾದೀತು.

ಈ ಸಲ ರಶೀದಿ ಪುಸ್ತಕ ಹಿಡಿದು ಅಂಗಡಿಗೋ ಗೇಟಿಗೋ ಬಂದವರಿಗೆ, ದುಡ್ಡು ಎಣಿಸುವ ಮೊದಲು ಹಾಂಡಬಿಲ್ಲು ತೋರಿಸ್ರಿ ಎಂದು ಕೇಳಿರಿ. ಅದರಲ್ಲಿ ಹಳೆಯ ಹೆಸರೊಂದು ಇದ್ದರೆ, ಆತನಿಗೆ ಎಷ್ಟು ಕೊಡುತ್ತೀರಿ, ಯಾವಾಗ ಕೊಡುತ್ತೀರಿ, ಕಾಲು ಮುರಿದರೆ ಯಾರು ನೋಡುತ್ತೀರಿ ಎಂಬುದನ್ನು ಆ ರಶೀದಿಯ ಬೆನ್ನ ಮೇಲೆ ಬರೆದು ಸಹಿ ಮಾಡಿಕೊಡಲಿಕ್ಕೆ ಹೇಳಿರಿ.